ಖಂಡನಾ ನಿರ್ಣಯ, ಅವಿಶ್ವಾಸ, ಛೀಮಾರಿ: ಬೆಳಗಾವಿ ಅಧಿವೇಶನದ ಹೊತ್ತಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದ ಅಧಿವೇಶನ ಶುರುವಾದರೆ ಸುವರ್ಣ ವಿಧಾನಸೌಧದ ಒಳಗೆ ಕಲಾಪ, ಹೊರಗೆ ಬಸ್ತವಾಡ–ಕೊಂಡಸಕೊಪ್ಪದ ಟೆಂಟುಗಳಲ್ಲಿ ಧರಣಿ. ಕಬ್ಬಿನ ಬಾಕಿ ಬಿಲ್ಲಿಗೆ ಬಂದವರು, ಮುಳುಗಡೆ ಪರಿಹಾರಕ್ಕೆ ಬಂದವರು, ಅತಿಥಿ ಉಪನ್ಯಾಸಕರು, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರ ಬಾಯಲ್ಲೂ ಒಂದೇ ಮಾತು: ಇವರನ್ನ ಸದನದಾಗ ಖಂಡಿಸಬೇಕ್ರಿ. ಖಂಡಿಸುವುದು ಎಂದರೆ ಏನು, ಯಾರು ಯಾರನ್ನು ಖಂಡಿಸಬಹುದು, ಖಂಡಿಸಿದ ಮೇಲೆ ಏನಾಗುತ್ತದೆ ಎಂದು ಕೇಳಿಕೊಂಡು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯವರು ಬರುತ್ತಾರೆ. ವಕೀಲಿ ಮಾಡುವ ನಾನು ಅವರಿಗೆ ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದ ಧಾಟಿಯಲ್ಲೇ ಬಿಟ್ಟಿದ್ದೇನೆ.

ಖಂಡನಾ ನಿರ್ಣಯ ಪಾಸಾದ್ರ ಮಂತ್ರಿ ಕುರ್ಚಿ ಬಿಡಬೇಕೇನ್ರಿ?

ಕಾನೂನಿನ ಪ್ರಕಾರ ಬಿಡಬೇಕಿಲ್ಲ. ನಮ್ಮ ಸಂವಿಧಾನದಲ್ಲಿ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. 164ನೇ ವಿಧಿಯ 2ನೇ ಖಂಡ ಹೇಳುವುದು ಇಷ್ಟನ್ನೇ. ಸಭೆಯ ವಿಶ್ವಾಸ ಕಳೆದುಕೊಂಡರೆ ಇಡೀ ಸರ್ಕಾರ ಹೋಗುತ್ತದೆ. ಒಬ್ಬ ಮಂತ್ರಿಯ ಮೇಲೆ ಖಂಡನೆ ಬಂದರೆ ಆ ಮಂತ್ರಿಯ ಸ್ಥಾನ ತಾನಾಗಿ ಖಾಲಿಯಾಗುತ್ತದೆ ಎಂದು ಎಲ್ಲೂ ಬರೆದಿಲ್ಲ. ಅವರನ್ನು ಇಟ್ಟುಕೊಳ್ಳುವುದೋ ಕೈಬಿಡುವುದೋ ಮುಖ್ಯಮಂತ್ರಿಗೆ ಬಿಟ್ಟದ್ದು.

ಆದರೆ ಬಹುಮತ ಇರುವ ಸರ್ಕಾರದ ಮಂತ್ರಿಯ ವಿರುದ್ಧ ಸದನ ಮತ ಹಾಕಿತು ಅಂದರೆ ಆಡಳಿತ ಪಕ್ಷದೊಳಗೇ ಬಿರುಕು ಬಿದ್ದಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ಮಂತ್ರಿ ಉಳಿದರೂ ಸರ್ಕಾರ ಉಳಿಯುವುದು ಕಷ್ಟ. ಹಾಗಾಗಿಯೇ ಮಾತು ನಿರ್ಣಯದ ತನಕ ಬರುವ ಮೊದಲೇ ರಾಜೀನಾಮೆ ಬರೆಸಿಕೊಳ್ಳುವುದು ನಮ್ಮಲ್ಲಿ ರೂಢಿ. 1957ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಮುಂಧ್ರಾ ಹಗರಣ (ಎಲ್‌ಐಸಿ ಹಣವನ್ನು ಉದ್ಯಮಿ ಹರಿದಾಸ್ ಮುಂಧ್ರಾ ಕಂಪನಿಗಳ ಷೇರಿಗೆ ಹಾಕಿದ ಪ್ರಕರಣ) ಎತ್ತಿದರು. ಛಾಗ್ಲಾ ಆಯೋಗದ ವಿಚಾರಣೆ ಆಯಿತು, 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನಮ್ಮ ರಾಜ್ಯದಲ್ಲಿ 2012ರ ಫೆಬ್ರುವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ್ದು ಟಿವಿಯಲ್ಲಿ ಬಂದ ಮರುದಿನವೇ ಮೂವರು ಸಚಿವರು ಹೊರಬಂದರು.

ಮತ್ತ ಅವಿಶ್ವಾಸಕ್ಕೂ ಖಂಡನೆಗೂ ಏನ್ ಫರಕು?

ಖಂಡನೆಯಲ್ಲಿ ಕಾರಣ ಬರೆಯಲೇಬೇಕು, ಅವಿಶ್ವಾಸದಲ್ಲಿ ಬರೆಯಬೇಕಿಲ್ಲ. ಮೊದಲು ನೆನಪಿಡಬೇಕಾದ್ದು ಇದು.

"ಈ ಮಂತ್ರಿಮಂಡಲದಲ್ಲಿ ಸದನಕ್ಕೆ ವಿಶ್ವಾಸವಿಲ್ಲ" ಎಂಬ ಒಂದೇ ವಾಕ್ಯದಲ್ಲಿ ಅವಿಶ್ವಾಸ ನಿರ್ಣಯ ಮುಗಿಯುತ್ತದೆ. ಖಂಡನೆಯಲ್ಲಿ ಇಂಥ ಕೆಲಸ ಮಾಡಿದ್ದಕ್ಕೆ ಅಥವಾ ಮಾಡದೆ ಬಿಟ್ಟದ್ದಕ್ಕೆ ಎಂದು ಹೇಳಬೇಕು. ಅವಿಶ್ವಾಸ ಇಡೀ ಮಂತ್ರಿಮಂಡಲದ ಮೇಲೆ. ಖಂಡನೆ ಒಬ್ಬ ಮಂತ್ರಿಯ ಮೇಲೂ ಆಗಬಹುದು, ಕೆಲವರ ಮೇಲೂ ಆಗಬಹುದು, ಎಲ್ಲರ ಮೇಲೂ ಆಗಬಹುದು. ಲೋಕಸಭೆಯ 198ನೇ ನಿಯಮದ ಪ್ರಕಾರ ಅವಿಶ್ವಾಸ ಸೂಚನೆ ಚರ್ಚೆಗೆ ಬರಬೇಕಾದರೆ 50 ಸದಸ್ಯರು ಎದ್ದು ನಿಲ್ಲಬೇಕು. ಖಂಡನೆಗೆಂದೇ ಅಲ್ಲಿ ಬೇರೆ ನಿಯಮ ಇಲ್ಲ. ಸಾಮಾನ್ಯ ಸೂಚನೆಗಳ ದಾರಿಯಲ್ಲೇ ಬರಬೇಕು, ಸಭಾಧ್ಯಕ್ಷರು ಒಪ್ಪಬೇಕು.

ಸ್ವತಂತ್ರ ಭಾರತದ ಲೋಕಸಭೆ ಮೊದಲ ಅವಿಶ್ವಾಸ ನಿರ್ಣಯ ಕಂಡದ್ದು 1963ರ ಆಗಸ್ಟ್‌ನಲ್ಲಿ. ಚೀನಾ ಯುದ್ಧ ಸೋತ ಸಂಕಟದಲ್ಲಿ ಆಚಾರ್ಯ ಕೃಪಲಾನಿ ಅದನ್ನು ನೆಹರೂ ಸರ್ಕಾರದ ಮೇಲೆ ತಂದರು. ಪರವಾಗಿ 62, ವಿರುದ್ಧ 347. ಬೀಳುತ್ತದೆ ಎಂದು ಅವರಿಗೂ ಗೊತ್ತಿತ್ತು. ಸರ್ಕಾರ ಎದ್ದು ನಿಂತು ಉತ್ತರ ಕೊಡಬೇಕಾಯಿತು ಎನ್ನುವುದೇ ಅದರ ಫಲ.

ಕುರ್ಚಿ ಹೋಗೂದಿಲ್ಲಂದ್ರ ಇದರಿಂದ ಉಪಯೋಗ ಏನ್ರಿ? ಬರೇ ಮಾತಲ್ಲೇನು?

ಧರಣಿ ಟೆಂಟಿನಲ್ಲಿ ಕೂತವರು ಬೇಸತ್ತು ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ಬರೇ ಮಾತು ಬೇರೆ, ದಾಖಲಾದ ಮಾತು ಬೇರೆ.

ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದು ಕೂಗಿದ್ದು ಸಂಜೆಯ ಟಿವಿಯಲ್ಲಿ ಬಂದು ಹೋಗುತ್ತದೆ. ಯಾರು, ಯಾವ ತಪ್ಪಿಗೆ, ಯಾವ ತಾರೀಕಿನ ಯಾವ ಆದೇಶಕ್ಕೆ ಎಂದು ಬರೆದ ನಿರ್ಣಯ ಕಲಾಪದ ವರದಿಯಲ್ಲಿ ಕೂರುತ್ತದೆ. ಮಂತ್ರಿ ಎದ್ದು ಅದಕ್ಕೆ ಉತ್ತರ ಕೊಡಬೇಕು. ಕೊಟ್ಟ ಉತ್ತರವೂ ಅದೇ ಪುಟದಲ್ಲಿ ಉಳಿಯುತ್ತದೆ. ನಾಳೆ ಕೋರ್ಟಿಗೆ ಹೋದಾಗ, ಲೆಕ್ಕ ತಪಾಸಣೆ ಬಂದಾಗ, ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದಾಗ ಆ ಪುಟ ತೆಗೆದು ತೋರಿಸಬಹುದು.

ದಾಖಲೆಯ ಬೆಲೆ ಎಷ್ಟು ಎಂಬುದಕ್ಕೆ ಅಮೆರಿಕದ ಒಂದು ಸಂಗತಿ ಹೇಳುತ್ತೇನೆ. 1834ರಲ್ಲಿ ಅಲ್ಲಿನ ಸೆನೆಟ್, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರನ್ನು ರಾಷ್ಟ್ರೀಯ ಬ್ಯಾಂಕಿನ ವಿಚಾರದಲ್ಲಿ ಖಂಡಿಸಿತು. ಜಾಕ್ಸನ್ ಅಧಿಕಾರಕ್ಕೆ ಏನೂ ಆಗಲಿಲ್ಲ, ಅವಧಿ ಮುಗಿಯುವವರೆಗೆ ಇದ್ದರು. ಆದರೂ ಆ ಒಂದು ಪುಟ ಅವರನ್ನೂ ಅವರ ಬೆಂಬಲಿಗರನ್ನೂ ಎಷ್ಟು ಚುಚ್ಚಿತೆಂದರೆ, 1837ರ ಜನವರಿಯಲ್ಲಿ ಸೆನೆಟ್‌ನಲ್ಲಿ ಬಹುಮತ ಕೂಡಿಸಿ, ಮೂಲ ಪುಸ್ತಕವನ್ನೇ ತರಿಸಿ, ಆ ನಿರ್ಣಯದ ಸುತ್ತ ಕಪ್ಪು ಗೆರೆ ಎಳೆಸಿ, ಮೇಲೆ "ಅಳಿಸಲಾಗಿದೆ" ಎಂದು ಬರೆಸಿದರು. ಬರೇ ಮಾತಾಗಿದ್ದರೆ ಮೂರು ವರ್ಷ ಅದರ ಹಿಂದೆ ಬೀಳುತ್ತಿರಲಿಲ್ಲ. ಅದೇ ಸೆನೆಟ್ 1954ರ ಡಿಸೆಂಬರ್ 2ರಂದು ತನ್ನದೇ ಸದಸ್ಯ ಜೋಸೆಫ್ ಮೆಕಾರ್ತಿಯನ್ನು 67–22 ಮತಗಳಿಂದ ಖಂಡಿಸಿತು. ಅವರ ಸ್ಥಾನ ಉಳಿಯಿತು. ಕಂಡವರನ್ನೆಲ್ಲ ಕಮ್ಯುನಿಸ್ಟ್ ಎಂದು ಹೆದರಿಸುತ್ತಿದ್ದ ಅವರ ಮಾತಿಗೆ ಅಲ್ಲಿಂದಾಚೆ ಕಿಮ್ಮತ್ತು ಉಳಿಯಲಿಲ್ಲ.

ನಮ್ಮಲ್ಲೂ ಉದಾಹರಣೆ ಇದೆ. 1951ರಲ್ಲಿ ಎಚ್.ಜಿ. ಮುದ್ಗಲ್ ಎಂಬ ಸಂಸದರು ಮುಂಬಯಿಯ ಚಿನಿವಾರ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಸಂಸತ್ತಿನಲ್ಲಿ ಕೆಲಸ ಮಾಡಿಕೊಟ್ಟರು ಎಂದು ಸದನದ ಸಮಿತಿ ಹೇಳಿತು. ಉಚ್ಚಾಟನೆಗೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಹೋದವರು ಹೋದರು ಎಂದು ಸದನ ಬಿಡಲಿಲ್ಲ. ಇವರು ಉಚ್ಚಾಟನೆಗೇ ಅರ್ಹರಾಗಿದ್ದರು, ರಾಜೀನಾಮೆ ಪತ್ರದ ಒಕ್ಕಣೆ ತಪ್ಪನ್ನು ಇನ್ನೂ ಹೆಚ್ಚಿಸಿದೆ ಎಂದು ನಿರ್ಣಯ ಮಾಡಿ ಬರೆದಿಟ್ಟಿತು. ತಪ್ಪಿಸಿಕೊಂಡು ಹೋದವರ ಬೆನ್ನಿಗೂ ದಾಖಲೆ ಹತ್ತುತ್ತದೆ. ಇದನ್ನು ನಮ್ಮ ಶಾಸಕರು ಮತ್ತೆ ಕಲಿಯಬೇಕು.

ಕರ್ನಾಟಕದಾಗ ಸದನದ ಮತದಿಂದ ಸರ್ಕಾರ ಬಿದ್ದದ್ದು ಐತೇನು?

ಇದೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಅವರು ತಾವೇ ಮಂಡಿಸಿದ ವಿಶ್ವಾಸ ನಿರ್ಣಯ 99–105ರಲ್ಲಿ ಸೋತಿತು, ಸರ್ಕಾರ ಹೋಯಿತು. ಅದು ವಿಶ್ವಾಸ ಕೋರುವ ನಿರ್ಣಯ; ವಿರೋಧ ಪಕ್ಷದವರು ತಂದ ಅವಿಶ್ವಾಸವಲ್ಲ. ಅದಕ್ಕೂ ಹಿಂದೆ 2018ರ ಮೇ 19ರಂದು ಬಿ.ಎಸ್. ಯಡಿಯೂರಪ್ಪ ಮತಕ್ಕೆ ಹಾಕುವ ಮುನ್ನವೇ ರಾಜೀನಾಮೆ ಘೋಷಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಸಿದ್ದರಾಮಯ್ಯ ತಂದ ಅವಿಶ್ವಾಸ ನಿರ್ಣಯ ಧ್ವನಿಮತದಲ್ಲಿ ಬಿದ್ದುಹೋಯಿತು.

ಇದೆಲ್ಲ ಸದನದಲ್ಲೇ ಆಗಬೇಕು ಎಂಬ ಕಟ್ಟುಪಾಡು ಗಟ್ಟಿಯಾದದ್ದು ನಮ್ಮ ಉತ್ತರ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ ಮೊಕದ್ದಮೆಯಿಂದ. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ಬಹುಮತ ಇಲ್ಲವೆಂದು ರಾಜ್ಯಪಾಲರ ವರದಿಯ ಮೇಲೆ ವಜಾ ಮಾಡಲಾಯಿತು. ಸದನದಲ್ಲಿ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಅಳೆಯುವ ಜಾಗ ರಾಜಭವನವಲ್ಲ, ಸದನ ಎಂದಿತು. ಇಡೀ ದೇಶ ಇಂದಿಗೂ ಆ ತೀರ್ಪನ್ನು ಹಿಡಿದು ನಡೆಯುತ್ತದೆ.

ಧ್ವನಿಮತ ಅಂದ್ರ ಯಾರು ಹೌದು ಅಂದ್ರು, ಯಾರು ಇಲ್ಲ ಅಂದ್ರು, ಹೆಂಗ ಗೊತ್ತಾಗ್ತದ?

ಗೊತ್ತಾಗುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

ಧ್ವನಿಮತದಲ್ಲಿ ಸಭಾಧ್ಯಕ್ಷರು ಕೂಗು ಕೇಳಿ ಫಲಿತಾಂಶ ಹೇಳುತ್ತಾರೆ. ಯಾರ ಹೆಸರೂ ದಾಖಲಾಗುವುದಿಲ್ಲ. ನಿಮ್ಮ ಕ್ಷೇತ್ರದ ಶಾಸಕರು ಆ ಕ್ಷಣ ಸದನದಲ್ಲಿದ್ದರೋ ಕ್ಯಾಂಟೀನಿನಲ್ಲಿದ್ದರೋ ಅದೂ ತಿಳಿಯದು. ಮತ ವಿಭಜನೆ ಆದರೆ ಹೆಸರು ಹಿಡಿದು ಎಣಿಕೆಯಾಗುತ್ತದೆ. ಫಲಿತಾಂಶ ಒಪ್ಪದ ಸದಸ್ಯರು ಸ್ಥಳದಲ್ಲೇ ವಿಭಜನೆ ಕೇಳಬೇಕು. ಮರುದಿನ ಕೇಳಿದರೆ ಉಪಯೋಗವಿಲ್ಲ. 2010ರ ಅಕ್ಟೋಬರ್ 11ರಂದು ಯಡಿಯೂರಪ್ಪ ಸರ್ಕಾರ ಗದ್ದಲದ ನಡುವೆ ಧ್ವನಿಮತದಲ್ಲಿ ವಿಶ್ವಾಸ ಗೆದ್ದಿತು ಎಂದಾಗ ಯಾರೂ ಒಪ್ಪಲಿಲ್ಲ. ಮೂರು ದಿನದಲ್ಲಿ, 14ರಂದು, ಮತ್ತೆ ಮತ ಎಣಿಸಬೇಕಾಯಿತು: 106–100. ಒಂದೊಂದು ಮತ ಎಷ್ಟು ಭಾರ ಎಂಬುದಕ್ಕೆ 1999ರ ಏಪ್ರಿಲ್ 17 ಸಾಕ್ಷಿ. ಅಂದು ವಾಜಪೇಯಿ ಸರ್ಕಾರ 269–270ರಲ್ಲಿ ಬಿತ್ತು.

ಶಾಸಕರಿಗೆ ಮನವಿ ಕೊಡಲು ಹೋಗುವವರಿಗೆ ನಾನು ಹೇಳುವುದು ಒಂದೇ: "ನಮ್ಮ ಪರ ಮಾತಾಡ್ರಿ" ಎಂದು ಬರೆಯಬೇಡಿ. "ಮತ ವಿಭಜನೆ ಕೇಳ್ರಿ, ನಿಮ್ಮ ಹೆಸರು ದಾಖಲಾಗಲಿ" ಎಂದು ಬರೆಯಿರಿ.

ವಿಧಾನ ಪರಿಷತ್ತು ಸರ್ಕಾರ ಇಳಿಸಬಹುದೇನು?

ಇಲ್ಲ. ಸರ್ಕಾರ ಹೊಣೆಯಾಗಿರುವುದು 224 ಸದಸ್ಯರ ವಿಧಾನಸಭೆಗೆ ಮಾತ್ರ. 75 ಸದಸ್ಯರ ಪರಿಷತ್ತು ಚರ್ಚಿಸಬಹುದು, ಪ್ರಶ್ನೆ ಕೇಳಬಹುದು, ತನ್ನ ಅಭಿಪ್ರಾಯವನ್ನು ನಿರ್ಣಯದಲ್ಲಿ ಹೇಳಬಹುದು.

ಸ್ಪೀಕರ್ ಪಕ್ಷಪಾತ ಮಾಡಿದ್ರ ಅವರನ್ನ ಕೇಳೋರು ಯಾರು?

ಸದನವೇ ಕೇಳಬೇಕು. ವಿಧಾನಸಭೆಯ ಸಭಾಧ್ಯಕ್ಷರಿಗೆ 179ನೇ ವಿಧಿ, ಪರಿಷತ್ತಿನ ಸಭಾಪತಿಗೆ 183ನೇ ವಿಧಿ. ಎರಡಕ್ಕೂ 14 ದಿನ ಮೊದಲು ನೋಟಿಸ್ ಕೊಡಬೇಕು, ಆಗಿನ ಎಲ್ಲ ಸದಸ್ಯರ ಬಹುಮತ ಬೇಕು. ಹಾಜರಿದ್ದವರ ಬಹುಮತ ಸಾಲದು. ತಮ್ಮ ಪದಚ್ಯುತಿ ಚರ್ಚೆಯಾಗುವಾಗ ಅವರು ಪೀಠದಲ್ಲಿ ಕೂರುವಂತಿಲ್ಲ, ಆದರೆ ಸದಸ್ಯರಾಗಿ ಮಾತಾಡಬಹುದು.

2020ರ ಡಿಸೆಂಬರ್ 15ರಂದು ನಮ್ಮ ಪರಿಷತ್ತಿನಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಸಭಾಪತಿ ಪ್ರತಾಪಚಂದ್ರ ಶೆಟ್ಟಿ ಅವರ ವಿರುದ್ಧ ಅವಿಶ್ವಾಸದ ನೋಟಿಸ್ ಇತ್ತು. ಅದನ್ನು ತೆಗೆದುಕೊಳ್ಳುವುದೋ ಬಿಡುವುದೋ ಎಂಬ ಜಗಳದಲ್ಲಿ ಉಪ ಸಭಾಪತಿಯನ್ನು ಪೀಠದಿಂದ ಕೈಹಿಡಿದು ಎಳೆದರು. ನೂರು ವರ್ಷ ದಾಟಿದ ಮನೆ ಅದು. ಕೊನೆಗೆ ಸಭಾಪತಿ ರಾಜೀನಾಮೆ ಕೊಟ್ಟರು, 2021ರ ಫೆಬ್ರುವರಿಯಲ್ಲಿ ಬಸವರಾಜ ಹೊರಟ್ಟಿ ಆ ಸ್ಥಾನಕ್ಕೆ ಬಂದರು. 14 ದಿನದ ನೋಟಿಸ್ ಇಟ್ಟಿರುವುದು ಸಿಟ್ಟು ಇಳಿಯಲಿ, ಇಬ್ಬರೂ ತಮ್ಮ ಮಾತು ಜೋಡಿಸಿಕೊಳ್ಳಲಿ ಎಂದು. ಅದನ್ನು ಪಾಲಿಸಿದ್ದರೆ ಆ ದಿನ ಬರುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ರಾಜ್ಯಪಾಲರು, ಜಡ್ಜ್ ಸಾಹೇಬರು, ಲೋಕಾಯುಕ್ತರು?

ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ತಮ್ಮ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯನ್ನು ರಾಜ್ಯದ ಸದನ ಚರ್ಚಿಸುವಂತೆಯೇ ಇಲ್ಲ. 211ನೇ ವಿಧಿ ಬಾಗಿಲು ಮುಚ್ಚಿದೆ. ಅವರನ್ನು ತೆಗೆಯುವ ಅಧಿಕಾರ ಸಂಸತ್ತಿನದು, ಅದೂ ಬಹಳ ಕಠಿಣ. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ವಿರುದ್ಧದ ನಿರ್ಣಯಕ್ಕೆ ಲೋಕಸಭೆಯಲ್ಲಿ 196 ಮತ ಬಂತು, ವಿರುದ್ಧ ಒಂದೂ ಇಲ್ಲ. ಆದರೆ ಕಾಂಗ್ರೆಸ್ ಸದಸ್ಯರು ಮತ ಹಾಕದೆ ಕೂತದ್ದರಿಂದ ಅದು ಬಿದ್ದಿತು. ಕಾನೂನಿನಲ್ಲಿ ಅವರು ಉಳಿದರು, ಆ ಚರ್ಚೆಯ ಪುಟಗಳೂ ಉಳಿದವು.

ರಾಜ್ಯಪಾಲರು ಇರುವುದು ರಾಷ್ಟ್ರಪತಿಗಳ ಇಚ್ಛೆಯ ತನಕ. ವಿಧಾನಸಭೆ ಅವರನ್ನು ತೆಗೆಯಲಾರದು.

ಲೋಕಾಯುಕ್ತರ ವಿಷಯ ಬೇರೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 6ನೇ ಕಲಮಿನಲ್ಲಿ ಅವರನ್ನು ತೆಗೆಯಲು ಎರಡೂ ಸದನಗಳ ಒಪ್ಪಿಗೆ ಬೇಕು. 2015ರಲ್ಲಿ ವೈ. ಭಾಸ್ಕರರಾವ್ ಲೋಕಾಯುಕ್ತರಾಗಿದ್ದಾಗ ಆ ಪ್ರಕ್ರಿಯೆ ಸದನದಲ್ಲಿ ಶುರುವಾಯಿತು, ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು.

ಆಲಮಟ್ಟಿ ಹಿನ್ನೀರಾಗ ಹೊಲ ಹೋಗ್ಯಾವ, ಪರಿಹಾರ ಬಂದಿಲ್ಲ. ಆ ಅಧಿಕಾರಿಯನ್ನ ಸದನ ಖಂಡಿಸಿ ಮನೀಗೆ ಕಳಿಸಬಹುದೇನು?

ಬಾಗಲಕೋಟೆ ಕಡೆಯಿಂದ ಈ ಪ್ರಶ್ನೆ ಬಾರದ ವರ್ಷವಿಲ್ಲ. ಪರಿಹಾರ ಕೊಡದ್ದಕ್ಕೆ ಕೋರ್ಟಿನವರು ಸರ್ಕಾರಿ ಕಚೇರಿಗೆ ಬಂದು ಕುರ್ಚಿ, ಕಂಪ್ಯೂಟರು, ಸಾಹೇಬರ ಕಾರು ಜಪ್ತಿ ಮಾಡಿಕೊಂಡು ಹೋಗುವುದನ್ನು ಕಂಡ ಜನ ಅವರು. ಸಿಟ್ಟು ನ್ಯಾಯವಾದದ್ದು. ಆದರೂ ಸದನ ಅಧಿಕಾರಿಯನ್ನು ಮನೆಗೆ ಕಳಿಸಲಾರದು. 311ನೇ ವಿಧಿಯ ಪ್ರಕಾರ ಆರೋಪ ತಿಳಿಸಿ, ವಿಚಾರಣೆ ಮಾಡಿ, ಅವರ ಮಾತು ಕೇಳಿಯೇ ವಜಾ ಮಾಡಬೇಕು. ಅದು ಸರ್ಕಾರದ ಕೆಲಸ.

ಸೇವಾ ನಿಯಮಗಳಲ್ಲಿ ವಾಗ್ದಂಡನೆ ಎಂಬ ಶಿಕ್ಷೆ ಇದೆ. ರಾಜ್ಯ ನೌಕರರಿಗೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ, ಮೇಲ್ಮನವಿ) ನಿಯಮ, ಐಎಎಸ್ ಅಧಿಕಾರಿಗಳಿಗೆ 1969ರ ಶಿಸ್ತು ನಿಯಮ. ಎರಡರಲ್ಲೂ ಅದು ಸಣ್ಣ ದಂಡನೆಗಳ ಸಾಲಿನಲ್ಲಿದೆ. ಸೇವಾ ಪುಸ್ತಕದಲ್ಲಿ ಒಂದು ಗೆರೆ, ಅಷ್ಟೇ. ಆದರೆ ಬಡ್ತಿಯ ಪಟ್ಟಿ ತಯಾರಾಗುವ ಹೊತ್ತಿಗೆ ಆ ಗೆರೆ ಅಧಿಕಾರಿಯ ನಿದ್ದೆ ಕೆಡಿಸುತ್ತದೆ. ಇದನ್ನು ಕೊಡುವುದು ಇಲಾಖೆ, ಸದನವಲ್ಲ.

ಹಾಗಾದರೆ ಸದನದಲ್ಲಿ ಏನು ಮಾಡಿಸಬಹುದು? ಅಧಿಕಾರಿ ಸದನದಲ್ಲಿ ಎದ್ದು ನಿಂತು ತನ್ನ ಪರ ಮಾತಾಡಲಾರ, ಹಾಗಾಗಿ ಇಲಾಖೆಯ ತಪ್ಪಿಗೆ ಉತ್ತರ ಹೇಳಬೇಕಾದವರು ಮಂತ್ರಿ. ನಿಮ್ಮ ಶಾಸಕರು ಇಂಥ ಊರಿನ ಇಂಥ ಸರ್ವೆ ನಂಬರಿನ ಐತೀರ್ಪು (ಪರಿಹಾರದ ಆದೇಶ) ಇಂಥ ವರ್ಷ ಆಗಿದೆ, ಹಣ ಯಾಕೆ ಬಂದಿಲ್ಲ ಎಂದು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರ ಕೊಡಬೇಕಾದ ಪ್ರಶ್ನೆ) ಕೇಳಲಿ. ಮಂತ್ರಿ "ಮೂರು ತಿಂಗಳಲ್ಲಿ ಕೊಡುತ್ತೇವೆ" ಎಂದರೆ ಅದು ಭರವಸೆಯಾಯಿತು. ಸರ್ಕಾರಿ ಭರವಸೆಗಳ ಸಮಿತಿ ಅದರ ಬೆನ್ನು ಹತ್ತುತ್ತದೆ. ಮಹಾಲೇಖಪಾಲರ ವರದಿಯಲ್ಲಿ ವಿಷಯ ಬಂದಿದ್ದರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಯನ್ನೇ ಕರೆಸಿ ಕೂರಿಸಿಕೊಂಡು ಕೇಳುತ್ತದೆ. ಆ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಬಿಡುವ ಸಂಪ್ರದಾಯ ಇರುವುದು ಇದಕ್ಕಾಗಿಯೇ. ಬಜೆಟ್ ಅಧಿವೇಶನದಲ್ಲಿ ಕಡಿತ ಸೂಚನೆ ಎಂಬ ಹಳೆಯ ಅಸ್ತ್ರವೂ ಇದೆ. ಇಲಾಖೆಯ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂದು ಸಂಸತ್ತಿನಲ್ಲಿ ಸೂಚನೆ ತಂದರೆ, ಆ ಇಲಾಖೆಯ ನೀತಿಯನ್ನೇ ಒಪ್ಪುವುದಿಲ್ಲ ಎಂದು ಹೇಳಿದಂತೆ.

ಹಕ್ಕುಚ್ಯುತಿ ಆದ್ರ ಸದನ ಜೈಲಿಗೂ ಕಳಿಸ್ತದಂತ, ಖರೇನಾ?

ಖರೆ. 194ನೇ ವಿಧಿ ಸದನಗಳಿಗೆ ವಿಶೇಷಾಧಿಕಾರ ಕೊಟ್ಟಿದೆ; ಅದಕ್ಕೆ ಧಕ್ಕೆ ತಂದರೆ ಹಕ್ಕುಚ್ಯುತಿ. ಕರೆಸಿ ಛೀಮಾರಿ ಹಾಕಬಹುದು, ಕ್ಷಮೆ ಕೇಳಿಸಬಹುದು, ಬಂಧನಕ್ಕೂ ಒಪ್ಪಿಸಬಹುದು. 2023ರ ಮಾರ್ಚ್ 3ರಂದು ಉತ್ತರ ಪ್ರದೇಶ ವಿಧಾನಸಭೆ ಆರು ಪೊಲೀಸರನ್ನು ಕರೆಸಿ, 2004ರಲ್ಲಿ ಕಾನ್ಪುರದಲ್ಲಿ ಒಬ್ಬ ಶಾಸಕರ ಮೇಲೆ ಲಾಠಿ ಬೀಸಿದ್ದಕ್ಕೆ ಆ ದಿನ ಮಧ್ಯರಾತ್ರಿಯವರೆಗೆ ಬಂಧನದಲ್ಲಿ ಇರಿಸಿತು.

2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಶಾಸಕರ ಮಾನಹಾನಿ ಮಾಡಿದರೆಂದು ಒಂದು ವರ್ಷ ಸಜೆ, 10,000 ರೂಪಾಯಿ ದಂಡ ಹೇಳಿತು. ಇದು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ. ಮಾನಹಾನಿಗೆ ಕೋರ್ಟ್ ಇದೆ. ದೂರು ಕೊಟ್ಟವರೇ ತೀರ್ಪುಗಾರರಾದರೆ ಪತ್ರಿಕೆಯವರಿಗೂ ಜನರಿಗೂ ಉಳಿಯುವುದು ಹೆದರಿಕೆ ಮಾತ್ರ. ಸದನದ ಖಂಡನೆ ಅಧಿಕಾರದಲ್ಲಿ ಇರುವವರ ಕಡೆ ತಿರುಗಬೇಕು, ಬರೆಯುವವರ ಕಡೆಗಲ್ಲ.

ಶಾಸಕರು, ಸಂಸದರನ್ನೇ ಸದನ ಹೊರಗ ಹಾಕಬಹುದೇನು?

ಹಾಕಬಹುದು, ಹಾಕಿದೆ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಗೆದ್ದ ಇಂದಿರಾ ಗಾಂಧಿ ಅವರನ್ನು ಮರು ತಿಂಗಳೇ, ಡಿಸೆಂಬರ್ 19ರಂದು, ಲೋಕಸಭೆ ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ ಜೈಲಿಗೂ ಕಳಿಸಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಬಹುಮತದ ಸಿಟ್ಟಿನಲ್ಲಿ ಕೊಟ್ಟ ಶಿಕ್ಷೆ ಬಹುಮತ ಬದಲಾದ ಕೂಡಲೇ ಅಳಿದುಹೋಗುತ್ತದೆ. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರ ಉಚ್ಚಾಟನೆ ಹಾಗಲ್ಲ. ಅಲ್ಲಿ ಕ್ಯಾಮೆರಾ ಸಾಕ್ಷಿ ಇತ್ತು, ಸಮಿತಿ ವಿಚಾರಣೆ ಆಗಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಅಮಾನತು ಇನ್ನೊಂದು ದಾರಿ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು, ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಮಹಾರಾಷ್ಟ್ರದ 12 ಶಾಸಕರ ಒಂದು ವರ್ಷದ ಅಮಾನತನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿ, ಆ ಅಧಿವೇಶನ ಮೀರಿ ಅಮಾನತು ಸಲ್ಲದು ಎಂದಿತ್ತು. ಶಾಸಕರಿಲ್ಲದ ಕ್ಷೇತ್ರದ ಜನಕ್ಕೆ ಸದನದಲ್ಲಿ ಬಾಯೇ ಇಲ್ಲದಂತಾಗುತ್ತದೆ ಎಂಬುದು ಅದರ ತಿರುಳು.

ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮ್ಯಾಲ ಅವಿಶ್ವಾಸ ತರಬೇಕಾಗೇತಿ. ಹೆಂಗ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು; ತಪ್ಪುಗಳು ಹೆಚ್ಚಾಗುವುದೂ ಇಲ್ಲೇ. ಆಧಾರ 1993ರ ಪಂಚಾಯತ್ ರಾಜ್ ಕಾಯ್ದೆಯ 49ನೇ ಕಲಮು, ಜೊತೆಗೆ 1994ರ ನಿಯಮಗಳು. ನೋಟಿಸಿಗೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಸಹಿ ಬೇಕು. ಅದನ್ನು ಉಪವಿಭಾಗಾಧಿಕಾರಿಗಳಿಗೆ ಕೊಡಬೇಕು: ನಿಮ್ಮ ತಾಲ್ಲೂಕು ನೋಡಿಕೊಂಡು ಚಿಕ್ಕೋಡಿಗೋ ಬೈಲಹೊಂಗಲಕ್ಕೋ ಜಮಖಂಡಿಗೋ ಇಂಡಿಗೋ ಹೋಗಬೇಕು. ಪಿಡಿಓ ಕೈಗೆ ಕೊಟ್ಟು ಬಂದರೆ ಆಗುವುದಿಲ್ಲ. ಉಪವಿಭಾಗಾಧಿಕಾರಿ 30 ದಿನದೊಳಗೆ ಪಂಚಾಯಿತಿ ಕಚೇರಿಯಲ್ಲೇ ಸಭೆ ಕರೆಯುತ್ತಾರೆ, ಸದಸ್ಯರಿಗೆ ಪೂರ್ತಿ 15 ದಿನದ ನೋಟಿಸ್ ಕೊಡುತ್ತಾರೆ, ತಾವೇ ಅಧ್ಯಕ್ಷತೆ ವಹಿಸುತ್ತಾರೆ. ನಿರ್ಣಯ ಪಾಸಾಗಲು ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮತ ಬೇಕು.

ಈ "ಒಟ್ಟು" ಎನ್ನುವಲ್ಲೇ ಜನ ಜಾರುತ್ತಾರೆ. 19 ಸದಸ್ಯರ ಪಂಚಾಯಿತಿ ಎಂದುಕೊಳ್ಳಿ. ಸಹಿಗೆ 10 ಜನ ಸಾಕು, ಪಾಸಾಗಲು 13 ಬೇಕು. ಸಭೆಗೆ 15 ಜನ ಬಂದು 12 ಜನ ಕೈ ಎತ್ತಿದರೂ ನಿರ್ಣಯ ಬಿತ್ತು. 10 ಸಹಿ ಸಿಕ್ಕ ಖುಷಿಗೆ ನೋಟಿಸ್ ಕೊಟ್ಟು, ಸಭೆಯ ದಿನ 13ನೆಯವರನ್ನು ಹುಡುಕುತ್ತ ಕೂತವರು ಬಹಳ ಜನ.

ಸಭೆಯ ದಿನದ ಚಿತ್ರ ನೀವೂ ನೋಡಿರುತ್ತೀರಿ. ವಾರದಿಂದ ಊರಲ್ಲಿ ಕಾಣದ ಸದಸ್ಯರು ಒಂದೇ ಕ್ರೂಸರ್‌ನಲ್ಲಿ ಬಂದು ಇಳಿಯುತ್ತಾರೆ, ಫೋನುಗಳು ಯಾರದೋ ಚೀಲದಲ್ಲಿ. ಬಾಗಿಲಲ್ಲಿ ಪೊಲೀಸರು ಗುರುತಿನ ಚೀಟಿ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. ಹೆಣ್ಣುಮಕ್ಕಳ ಜೊತೆ ಬಂದ ಗಂಡಂದಿರು ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ. ಒಳಗೆ ಹಾಜರಿ ಪುಸ್ತಕ ತಿರುಗುತ್ತದೆ. ಅಲ್ಲಿ ಹಾಕುವ ಸಹಿ ನೋಟಿಸಿನ ಸಹಿಗೆ ಹೊಂದದಿದ್ದರೆ ಜಗಳ ಅಲ್ಲೇ ಶುರು. ಮುಂದೆ ಧಾರವಾಡ ಅಥವಾ ಕಲಬುರಗಿ ಪೀಠದ ತನಕ ಹೋಗುತ್ತದೆ. ಆದ್ದರಿಂದ ನೋಟಿಸಿಗೆ ಸಹಿಯನ್ನು ಸದಸ್ಯರೇ, ಓದಿ ತಿಳಿದು, ತಮ್ಮ ಎಂದಿನ ಸಹಿಯಲ್ಲೇ ಹಾಕಲಿ. ಗಂಡನೋ ಮಗನೋ ಹಾಕಿಕೊಟ್ಟ ಸಹಿ ನಿಮ್ಮ ಇಡೀ ಕೆಲಸ ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆರಿಸಿ ಬಂದ ಹೆಣ್ಣುಮಗಳ ಅಧಿಕಾರವನ್ನೇ ಕಿತ್ತುಕೊಂಡಂತೆ ಆಗುತ್ತದೆ.

ಅಧ್ಯಕ್ಷರು ಆಯ್ಕೆಯಾದ ಮೇಲೆ ನಿರ್ದಿಷ್ಟ ಅವಧಿ ಕಳೆಯುವ ತನಕ ಅವಿಶ್ವಾಸ ತರುವಂತಿಲ್ಲ. ಈ ಅವಧಿ ತಿದ್ದುಪಡಿಗಳಲ್ಲಿ ಬದಲಾಗುತ್ತ ಬಂದಿದೆ, ಚಾಲ್ತಿಯಲ್ಲಿರುವ ಕಾಯ್ದೆ ನೋಡಿಯೇ ಹೆಜ್ಜೆ ಇಡಿ. ಹಣ ದುರುಪಯೋಗದಂಥ ಆರೋಪವಿದ್ದರೆ 48ನೇ ಕಲಮಿನಲ್ಲಿ ಸರ್ಕಾರವೇ ವಿಚಾರಣೆ ಮಾಡಿ ತೆಗೆಯುವ ದಾರಿ ಬೇರೆ ಇದೆ. ದಾಖಲೆ ಕೈಯಲ್ಲಿದ್ದರೆ ನಾನು ಅದನ್ನೇ ಹೇಳುತ್ತೇನೆ. ಅವಿಶ್ವಾಸದಲ್ಲಿ ಕುರ್ಚಿ ಬದಲಾಗುತ್ತದೆ; ತಿಂದ ದುಡ್ಡಿನ ಲೆಕ್ಕ ಯಾರೂ ಕೇಳುವುದಿಲ್ಲ.

ಅಲ್ಲೂ ವಿಪ್ ನಡೀತದೇನು?

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಹಾಗಾಗಿ ವಿಪ್ (ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶ) ಇಲ್ಲ. ಪುರಸಭೆ, ನಗರಸಭೆ, ಪಾಲಿಕೆಗಳಲ್ಲಿ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಹಾಗಾಗಿ ಅಲ್ಲಿ ವಿಪ್ ನಡೆಯುತ್ತದೆ.

ಮಹಾನಗರ ಪಾಲಿಕೆ ಸರ್ಕಾರದ ವಿರುದ್ಧ ನಿರ್ಣಯ ಮಾಡಿದ್ರ?

ಬೆಳಗಾವಿಯವರಿಗೆ ಇದಕ್ಕೆ ಉತ್ತರ ಗೊತ್ತು. 2005ರಲ್ಲಿ ಪಾಲಿಕೆ ಗಡಿ ವಿಚಾರದಲ್ಲಿ ಮಹಾರಾಷ್ಟ್ರದ ಪರ ನಿರ್ಣಯ ಮಾಡಿತು, ಸರ್ಕಾರ ಪಾಲಿಕೆಯನ್ನೇ ಬರ್ಖಾಸ್ತು ಮಾಡಿತು. ಸ್ಥಳೀಯ ಸಂಸ್ಥೆ ತನ್ನ ಕಾಯ್ದೆಯ ಎಲ್ಲೆ ಮೀರಿ ಮಾಡಿದ ನಿರ್ಣಯಕ್ಕೆ ಬಲವಿಲ್ಲ. ನೀರು, ಚರಂಡಿ, ಟೆಂಡರ್ ವಿಷಯದಲ್ಲಿ ಅಧಿಕಾರಿಯ ತಪ್ಪನ್ನು ಹೆಸರಿಸಿ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸುವುದು ಅದರ ಎಲ್ಲೆಯೊಳಗೇ ಇದೆ. ನಮ್ಮ ಪಾಲಿಕೆಗಳು ಅದನ್ನು ಮಾಡುವುದೇ ಕಡಿಮೆ.

2022ರಾಗ ಸುವರ್ಣಸೌಧದಾಗ ಮಹಾರಾಷ್ಟ್ರದ ವಿರುದ್ಧ ಮಾಡಿದ್ದು ಖಂಡನಾ ನಿರ್ಣಯನಾ?

ಆ ವರ್ಷ ಡಿಸೆಂಬರ್ 22ರಂದು ಎರಡೂ ಸದನಗಳು ಮಹಾರಾಷ್ಟ್ರ ಗಡಿ ವಿವಾದ ಕೆದಕಿದ್ದನ್ನು ಖಂಡಿಸಿ, ರಾಜ್ಯದ ಹಿತ ಕಾಯುತ್ತೇವೆ ಎಂದು ಒಮ್ಮತದಿಂದ ಹೇಳಿದವು. 27ರಂದು ಮಹಾರಾಷ್ಟ್ರವೂ ತನ್ನ ನಿರ್ಣಯ ಮಾಡಿತು. ಅದು ಸದನದ ನಿಲುವು. ತನಗೆ ಹೊಣೆಯಾಗಿರುವ ವ್ಯಕ್ತಿಯನ್ನು ಸದನ ಖಂಡಿಸುವ ಬಗೆ ಇದಲ್ಲ.

ಖಂಡನೆಗೆ ಒಳಗಾದವರಿಗೆ ತಮ್ಮ ಮಾತು ಹೇಳಾಕ ಅವಕಾಶ ಇರತದೇನು?

ಮಂತ್ರಿ, ಶಾಸಕರಿಗೆ ಇರುತ್ತದೆ, ಎದ್ದು ಉತ್ತರಿಸಬಹುದು. ಹೊರಗಿನವರಿಗೆ ಸಮಿತಿ ಕರೆದಾಗ ಮಾತ್ರ. ಸದನದೊಳಗೆ ಆಡಿದ ಮಾತಿಗೆ ಕೋರ್ಟಿನಲ್ಲಿ ದಾವೆ ಹಾಕಲೂ ಬರುವುದಿಲ್ಲ. ಹಾಗಾಗಿ ಹೊರಗಿನವರ ಮೇಲೆ ಆರೋಪ ಮಾಡುವ ಮೊದಲು ಸಭಾಧ್ಯಕ್ಷರಿಗೆ ನೋಟಿಸ್ ಕೊಡಬೇಕೆಂಬ ನಿಯಮ ಸದನಗಳಲ್ಲಿದೆ. ನೀವು ಶಾಸಕರಿಗೆ ಕೊಡುವ ಕಾಗದದಲ್ಲಿ ಆ ಅಧಿಕಾರಿ ಕೊಟ್ಟ ಹಿಂಬರಹವನ್ನೂ ಲಗತ್ತಿಸಿ. ಎದುರಾಳಿಯ ಮಾತು ಮುಚ್ಚಿಟ್ಟ ದೂರು ಸದನದಲ್ಲಿ ಎರಡು ನಿಮಿಷ ನಿಲ್ಲುವುದಿಲ್ಲ.

ನಾವು ಸಾಮಾನ್ಯ ಜನ. ನಮ್ಮಿಂದ ಏನಾಗ್ತದ?

ವಿಧಾನಮಂಡಲಕ್ಕೆ ಅರ್ಜಿ ಸಮಿತಿ ಎಂಬುದೊಂದು ಇದೆ. ಸಾರ್ವಜನಿಕ ವಿಷಯದ ಮೇಲೆ ನೀವು ಬರೆದ ಅರ್ಜಿಯನ್ನು ಶಾಸಕರೊಬ್ಬರ ಮೇಲು ಸಹಿಯೊಂದಿಗೆ ಅಲ್ಲಿಗೆ ಮುಟ್ಟಿಸಬಹುದು. ಯಾವ ಪಕ್ಷದ ಶಾಸಕರಾದರೂ ಆದೀತು. ಅರ್ಜಿ ಒಂದೇ ವಿಷಯದ ಮೇಲೆ ಇರಲಿ, ತಾರೀಕು ಮತ್ತು ಆದೇಶ ಸಂಖ್ಯೆ ಹಾಕಿ. ಟೆಂಟಿಗೆ ಬರುವ ಮಂತ್ರಿಗಳ ಕೈಗೆ ಮನವಿ ಕೊಟ್ಟರೆ ಸ್ವೀಕೃತಿ ಸಹಿ ತೆಗೆದುಕೊಳ್ಳಿ, ಫೋಟೋ ಸ್ವೀಕೃತಿಯಲ್ಲ.

ಸದನದಾಗ ಏನ್ ಹೇಳಿದ್ರು, ಯಾರು ಮತ ಹಾಕಿದ್ರು ಅನ್ನೂದು ಎಲ್ಲಿ ಸಿಗತದ?

ವಿಧಾನಸಭೆ ಮತ್ತು ಪರಿಷತ್ತಿನ ನಡವಳಿಗಳನ್ನು ಅಕ್ಷರಶಃ ಬರೆದು ಪ್ರಕಟಿಸುತ್ತಾರೆ, ವಿಧಾನಮಂಡಲದ ಜಾಲತಾಣದಲ್ಲೂ ಹಾಕುತ್ತಾರೆ. ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತು ಅದರಲ್ಲಿ ಇರುವುದಿಲ್ಲ. ನಿಮಗೆ ಬೇಕಾದ ದಿನದ ವರದಿ ಅಲ್ಲಿ ಸಿಗದಿದ್ದರೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಇರಬೇಕು. ದಿನಾಂಕ, ಸದನದ ಹೆಸರು, ಸೂಚನೆಯ ವಿಷಯ ಮೂರನ್ನೂ ಬರೆಯಿರಿ. "ಬೆಳಗಾವಿ ಅಧಿವೇಶನದಲ್ಲಿ ನಡೆದದ್ದೆಲ್ಲ ಕೊಡಿ" ಎಂದು ಬರೆದ ಅರ್ಜಿಗಳು ತಿರುಗಿ ಬರುತ್ತವೆ.